ಖಾಲಿ ಉಳಿದ ಫೈನಲ್ ಪುಟ

"ಒಳಗೆ ಬರಬಹುದಾ?"

ಆ ದನಿ ಕೇಳಿದ್ದೇ ತಡ, ಅವಳ ಎದೆ ಧಸಕ್ಕೆಂದಿತು. ಕೈಯಲ್ಲಿದ್ದ ಹಳೆಯ ಗ್ಲೌಸುಗಳ ರಾಶಿ ನೆಲಕ್ಕೆ ಬಿತ್ತು.

ಕಾಲೇಜಿನ ಆಟದ ಸಾಮಾನಿನ ಕೋಣೆಯ ಬಾಗಿಲಲ್ಲಿ ಅವನು ನಿಂತಿದ್ದ. ಏಳು ವರ್ಷ! ಕನ್ನಡಕ ಬಂದಿದೆ, ಕಿವಿಯ ಪಕ್ಕ ಒಂದೆರಡು ಬಿಳಿ ಕೂದಲು... ಉಳಿದಂತೆ ಅದೇ ಮನುಷ್ಯ. ಮೂರು ಸ್ಕೋರ್ ಪುಸ್ತಕಗಳನ್ನು ಕೂಸಿನ ಹಾಗೆ ಎದೆಗವಚಿಕೊಂಡಿದ್ದ.

"ನೀವಾ?" ಎಂದಳು. 'ನೀವು' ಎಂದಿದ್ದು ಬೇಕೆಂದೇ.

"ಕೋಚ್ ಮೇಡಂ ಫೋನ್ ಮಾಡಿದ್ರು. ಪುಸ್ತಕ ತಗೊಂಡು ಬಾ ಅಂದ್ರು. ಇಲ್ಲಿ ನೀ... ನೀವಿರ್ತೀರ ಅಂತ ಹೇಳ್ಲಿಲ್ಲ."

"ನನಗೂ ಹೇಳ್ಲಿಲ್ಲ. ಕೊರಿಯರ್‌ನಲ್ಲಿ ಬರುತ್ತೆ ಅಂದಿದ್ರು."

'ರಿಟೈರ್ ಆದ್ರೂ ಈ ಮೇಡಂ ತರಲೆ ಬುದ್ಧಿ ಹೋಗ್ಲಿಲ್ಲ!' ಎಂದು ಅವಳು ಹಲ್ಲು ಕಚ್ಚಿದಳು. ನಿನ್ನೆ ರಾತ್ರಿ ಮೇಡಂ ಸುಮ್ಮಸುಮ್ಮನೆ, "ಆ ಸರ್ವೇಯರ್ ಹುಡುಗ ಇನ್ನೂ ಒಂಟಿಯಾಗೇ ಇದಾನಂತೆ ಕಣೆ" ಎಂದು ಫೋನಿನಲ್ಲಿ ಹೇಳಿದ್ದು ಯಾಕೆಂದು ಈಗ ಹೊಳೆಯಿತು.

ಕಾಲೇಜಿನ ಹುಡುಗಿಯರ ಸಾಫ್ಟ್‌ಬಾಲ್ ತಂಡಕ್ಕೆ ಮೂವತ್ತು ವರ್ಷ ತುಂಬಿತ್ತು. ತಂಡದ ಇತಿಹಾಸ ಬರೆಯುವ ಕೆಲಸವನ್ನು ಮೇಡಂ ಇವಳ ತಲೆಗೆ ಕಟ್ಟಿದ್ದರು. ಇವಳು ಈಗ ಶಾಲೆಯೊಂದರಲ್ಲಿ ಆಟದ ಟೀಚರ್. ಆಗ ತಂಡದ ಪಿಚರ್, ಚೆಂಡೆಸೆಯುವವಳು. ಅವಳ ಎಸೆತದ ವೇಗಕ್ಕೆ ಗೆಳತಿಯರು 'ಬಿರುಗಾಳಿ' ಎಂದೇ ಕರೆಯುತ್ತಿದ್ದರು. ಕೋಪಕ್ಕೂ ಆ ಹೆಸರು ಚೆನ್ನಾಗಿಯೇ ಒಪ್ಪುತ್ತಿತ್ತು ಬಿಡಿ.

ಎಲ್ಲವನ್ನೂ ಬರೆದಾಗಿತ್ತು. ಮೊದಲ ವರ್ಷ ಎಂಟೇ ಹುಡುಗಿಯರಿದ್ದು, ಒಂಬತ್ತನೆಯವಳಾಗಿ ಲೈಬ್ರರಿ ಅಕ್ಕನನ್ನು ಕಾಡಿ ಬೇಡಿ ನಿಲ್ಲಿಸಿದ್ದು. ಓಡುವವರು ಮುಟ್ಟಬೇಕಾದ ಬೇಸ್‌ಗಳ ಜಾಗದಲ್ಲಿ ಮರಳು ತುಂಬಿದ ಗೋಣಿಚೀಲ ಇಟ್ಟಿದ್ದು. ಹುಡುಗರ ಕ್ರಿಕೆಟ್ ತಂಡ ಮೈದಾನ ಬಿಟ್ಟುಕೊಡದಿದ್ದಾಗ ಮೇಡಂ ಪಿಚ್ ನಡುವೆ ಕುರ್ಚಿ ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದು. ಇಪ್ಪತ್ತೆರಡು-ಸೊನ್ನೆಯಲ್ಲಿ ಸೋತು ಬರುವಾಗಲೂ ಬಸ್ಸು ಅದುರುವಂತೆ ಹಾಡಿದ್ದು!

ಒಂದೇ ಒಂದು ಪುಟ ಖಾಲಿ. ತಂಡ ಫೈನಲ್ ತಲುಪಿದ ಏಕೈಕ ವರ್ಷದ ಪುಟ. ಅವಳ ವರ್ಷ. ಪ್ರೆಸ್ಸಿನವನು ಐದು ಗಂಟೆಗೆ ಗಡುವು ಕೊಟ್ಟಿದ್ದ. ಈಗ ಮೂರೂವರೆ.

"ನಾನು ಆರರ ಬಸ್ಸಿಗೆ ವಾಪಸ್ ಹೊರಡ್ತೀನಿ," ಎಂದ ಅವನು, ಪುಸ್ತಕಗಳನ್ನು ಮೇಜಿನ ಮೇಲಿಡುತ್ತ.

"ಯಾರು ತಡೀತಾರೆ?"

ಹೇಳಿಬಿಟ್ಟಳು. ಹೇಳಿದ ಮೇಲೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕಾಲು ಸುಟ್ಟ ಬೆಕ್ಕಿನಂತೆ ಕಿಟಕಿಗೂ ಬೀರುವಿಗೂ ಓಡಾಡಿದಳು. ಬಿದ್ದ ಗ್ಲೌಸುಗಳನ್ನು ಜೋಡಿಸಿದಳು, ಮತ್ತೆ ಕೆಡವಿದಳು, ಮತ್ತೆ ಜೋಡಿಸಿದಳು.

ಅವನು ಈಗ ಸರ್ವೇಯರ್. ಆಗ ಗಣಿತದ ವಿದ್ಯಾರ್ಥಿ, ಅವರ ತಂಡದ ಸ್ಕೋರರ್. ಈ ಆಟದಲ್ಲಿ ಚೆಂಡು ಕೈತಪ್ಪಿದರೆ ತಪ್ಪು ಯಾರದು ಎಂದು ತೀರ್ಮಾನಿಸುವವನು ಅಂಪೈರ್ ಅಲ್ಲ, ಸ್ಕೋರರ್. ಮೈದಾನದ ಪ್ರತಿ ಜಾಗಕ್ಕೂ ಒಂದೊಂದು ಸಂಖ್ಯೆ. ಪಿಚರ್ ಒಂದು, ಮೊದಲ ಬೇಸ್‌ನವಳು ಮೂರು. ಸಂಖ್ಯೆ ಬರೆದರೆ ಮುಗಿಯಿತು, ತಪ್ಪು ಅವಳ ಹೆಸರಿಗೆ.

ಮೂರು ವರ್ಷ ಅವನು ಪುಸ್ತಕದಿಂದ ತಲೆ ಎತ್ತಿದಾಗಲೆಲ್ಲ ನೋಡಿದ್ದು ಅವಳನ್ನೇ. "ಫೈನಲ್ ಮುಗಿದ ಸಂಜೆ ನಿನ್ನ ಹತ್ರ ಒಂದು ಮಾತಾಡ್ಬೇಕು" ಎಂದು ಮೊದಲೇ ಹೇಳಿಟ್ಟಿದ್ದ. ಆ ಮಾತು ಯಾವುದೆಂದು ಇಡೀ ತಂಡಕ್ಕೆ ಗೊತ್ತಿತ್ತು!

ಆದರೆ ಫೈನಲ್...

ಒಂದು ರನ್ ಮುಂದಿದ್ದರು. ಎದುರಾಳಿಗಳಿಗೆ ಉಳಿದಿದ್ದು ಒಂದೇ ಔಟ್, ಬೇಸ್‌ಗಳಲ್ಲಿ ಇಬ್ಬರು ಓಡಲು ಸಿದ್ಧ. ಬ್ಯಾಟಿಗೆ ತಾಗಿದ ಚೆಂಡು ಉರುಳುತ್ತ ಅವಳ ಕಾಲಬಳಿಗೇ ಬಂತು. ಎತ್ತಿ ಮೊದಲ ಬೇಸ್‌ನಲ್ಲಿದ್ದ ಉದ್ದನೆಯ ಗೆಳತಿ ಲಂಬೂಗೆ ಎಸೆದರೆ ಕಪ್ ತಮ್ಮದು. ಎಸೆದಳು. ಚೆಂಡು ಲಂಬೂ ಕೈ ದಾಟಿ ಬೇಲಿಗೆ ಬಡಿಯಿತು. ಇಬ್ಬರೂ ಓಡಿ ಬಂದು ಎರಡು ರನ್ ಗಳಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಳುತ್ತ ಅವನ ಮೇಜಿನ ಬಳಿ ಬಂದು ನೋಡಿದರೆ, ಪುಸ್ತಕದಲ್ಲಿ ತಪ್ಪು: ಒಂದು. ಅಂದರೆ ಅವಳದೇ.

"ಇದನ್ನ ನೀನೇ ಬರ್ದಿದ್ದಾ?"

"ಹೌದು."

"ಹಾಗಾದ್ರೆ ಆ ಪುಸ್ತಕಾನೇ ಕಟ್ಕೊ!"

ಅಷ್ಟೇ. ಎದ್ದು ಹೋದವಳು ತಿರುಗಿ ನೋಡಲಿಲ್ಲ. ಅವನು ಎರಡು ಸಲ ಹಾಸ್ಟೆಲ್ ಬಾಗಿಲಿಗೆ ಬಂದ. "ಇಲ್ಲ ಅಂತ ಹೇಳ್ರೇ" ಎಂದು ಒಳಗಿಂದ ಕೂಗಿದ್ದು ಅವನಿಗೂ ಕೇಳಿಸಿತ್ತು.

ಫೋನ್ ಬಡಿದುಕೊಂಡಿತು. ಪ್ರೆಸ್ಸಿನವನು.

"ಮೇಡಂ, ಪುಟ?"

"ಐದಕ್ಕೆ ಅಂದ್ರಲ್ಲ ಸ್ವಾಮಿ! ಇನ್ನೂ ನಾಲ್ಕಾಗಿಲ್ಲ!"

ಫೋನಿಟ್ಟು ಅವನತ್ತ ತಿರುಗಿದಳು. "ಹೇಳಿ ಸರ್ವೇಯರ್ ಸಾಹೇಬ್ರೇ. ಫೈನಲ್‌ನಲ್ಲಿ ಏನಾಯ್ತು ಅಂತ ಬರೀಲಿ?"

ಅವನು ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಮುಂದೆ ತಳ್ಳಿದ.

"ನಾನೇ ಬರ್ಕೊಂಡು ಬಂದಿದೀನಿ. ಇದನ್ನ ಅಚ್ಚು ಹಾಕ್ಸಿ."

ಓದಿದಳು. ಕೊನೆಯ ಎಸೆತ ಸರಿಯಾಗಿತ್ತು, ಹಿಡಿಯಬಹುದಾದ ಚೆಂಡನ್ನು ಮೊದಲ ಬೇಸ್‌ನಲ್ಲಿ ಬಿಡಲಾಯಿತು, ಪಿಚರ್ ಹೆಸರಿಗೆ ತಪ್ಪು ಬರೆದದ್ದು ಸ್ಕೋರರ್ ಮಾಡಿದ ಅನ್ಯಾಯ, ಅದಕ್ಕೆ ಕ್ಷಮೆ ಇರಲಿ... ಕೆಳಗೆ ಅವನ ಸಹಿ.

"ಹಾಗಾದ್ರೆ ಅವತ್ತು ಯಾಕೆ...?" ಅವಳು ಹಾಳೆಯಿಂದ ತಲೆ ಎತ್ತಿದಳು.

"ಅವತ್ತು ಬೆಳಿಗ್ಗೆ ಬಸ್ಸಲ್ಲಿ ಎಲ್ರೂ ತಮಾಷೆ ಮಾಡ್ತಿದ್ರು. ಬಿರುಗಾಳಿ ಏನು ಮಾಡಿದ್ರೂ ನಮ್ಮ ಸ್ಕೋರರ್ ಕಣ್ಣಿಗೆ ಸರಿನೇ ಅಂತ. ತಮಾಷೆನೇ, ಆದ್ರೆ ನನಗೆ ನಾಟ್ಕೊಂಡ್ಬಿಡ್ತು. ಚೆಂಡು ಹೋದಾಗ ಎಸೆತ ಸರಿಯಿದೆ ಅಂತಾನೇ ನನ್ನ ಕಣ್ಣು ಹೇಳಿದ್ದು. ಆದ್ರೆ ನಿನ್ನ ವಿಷಯದಲ್ಲಿ ನನ್ನ ಕಣ್ಣನ್ನ ನಾನೇ ನಂಬ್ಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಮೂರು ಅಂತ ಬರೀತಿದ್ದೆ. ನೀನು ಅನ್ನೋದಕ್ಕೇ ಒಂದು ಬರ್ದೆ."

'ನೀನು' ಎಂದಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅವಳಿಗೆ ಗೊತ್ತಾಯಿತು.

ಏಳು ವರ್ಷದಿಂದ ಅವಳು ಬಯಸಿದ್ದು ಇದನ್ನೇ ಅಲ್ಲವೇ? ಅವನು ಬಂದು ತಲೆ ತಗ್ಗಿಸಿ 'ನನ್ನದೇ ತಪ್ಪು' ಎನ್ನಬೇಕು ಎಂದು ಎಷ್ಟು ಸಲ ಕನಸು ಕಂಡಿದ್ದಳು! ಆದರೆ ಖುಷಿಯಾಗಲಿಲ್ಲ. ಎದ್ದು ಕಿಟಕಿಗೆ ಹೋದಳು. ಹೊರಗೆ ಈ ವರ್ಷದ ಹುಡುಗಿಯರು ಅಭ್ಯಾಸ ಮಾಡುತ್ತಿದ್ದರು. ಯಾವಳೋ ಚೆಂಡು ಬಿಟ್ಟಳು, ಎಲ್ಲರೂ ಹೋ ಎಂದು ಕೂಗಿದರು. ಮತ್ತೆ ಮೇಜಿಗೆ ಬಂದಳು. ಹಾಳೆ ಮಡಚಿದಳು, ಬಿಡಿಸಿದಳು.

ಮೊನ್ನೆ ತಂಡದ ಮೂವತ್ತರ ಸಮಾರಂಭಕ್ಕೆ ಕರೆಯಲು ಲಂಬೂಗೆ ಫೋನ್ ಮಾಡಿದ್ದಳು. "ನಾನ್ ಬರಲ್ಲ ಕಣೆ. ಕಪ್ ಕಳೆದೋಳು ಅಂತ ಎಲ್ರೂ ನನ್ನೇ ನೋಡ್ತಾರೆ" ಎಂದಿದ್ದಳು ಲಂಬೂ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಇವಳು ಆ ಮಾತಿಗೆ ಬೆಚ್ಚಿ, ಫೋನ್ ಕಟ್ ಮಾಡಿದ್ದಳು.

"ಇದನ್ನ ಹಾಕ್ಸೋಕಾಗಲ್ಲ," ಎಂದಳು.

"ಯಾಕೆ? ಕ್ಷಮೆ ಸಾಲದಾ? ಇನ್ನೂ ನಾಲ್ಕು ಸಾಲು..."

"ಅಯ್ಯೋ, ನಿನ್ನ ತಲೆ! ಚೆಂಡು ನನ್ನ ಕೈಯಲ್ಲೇ ಜಾರಿತ್ತು ಕಣೋ!"

ಅವನು ಹಾಳೆ ಎತ್ತಿಕೊಂಡು ತಾನು ಬರೆದದ್ದನ್ನೇ ಮತ್ತೆ ಓದಿದ.

"ಬೆವರಿಗೆ ಬೆರಳು ಜಾರ್ತು. ಬಿಟ್ಟ ಕ್ಷಣಾನೇ ಗೊತ್ತಾಯ್ತು. ಚೆಂಡು ಅವಳು ಚಾಚಿದ ಕೈಗಿಂತ ಒಂದು ಮೊಳ ಆಚೆ ಹೋಯ್ತು. ಲಂಬೂ ಅಲ್ಲ, ಅವಳ ಹಾಗೆ ಇನ್ನಿಬ್ರು ನಿಂತಿದ್ರೂ ಸಿಗ್ತಿರ್ಲಿಲ್ಲ. ಆದ್ರೂ ಏಳು ವರ್ಷ ಎಲ್ರ ಹತ್ರಾನೂ ಲಂಬೂ ಬಿಟ್ಳು ಅಂತಾನೇ ಹೇಳ್ಕೊಂಡು ಬಂದೆ. ಅವಳು ಪಾಪ, ಅದನ್ನೇ ನಂಬ್ಕೊಂಡು ಕೂತಿದಾಳೆ." ಕಣ್ಣೀರು ಧಾರೆಯಾಗಿ ಇಳಿಯಿತು. "ನೀನು ಸುಳ್ಳು ಬರ್ದೆ ಅಂತ ನನಗೆ ಕೋಪ ಬಂದಿರ್ಲಿಲ್ಲ. ನನಗೋಸ್ಕರ ಒಂದು ಸುಳ್ಳು ಬರೀಲಿಲ್ವಲ್ಲ ಅಂತ ಬಂದಿತ್ತು!"

"ಅಂದ್ರೆ... ನನ್ನ ಕಣ್ಣು?"

"ನಿನ್ನ ಕಣ್ಣು ನನ್ನ ಪರ ಸುಳ್ಳು ಹೇಳ್ತು. ಕೈ ಮಾತ್ರ ನಿಜ ಬರೀತು."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಒರೆಸುತ್ತಲೇ ಇದ್ದ. ಏಳು ವರ್ಷ ಅನ್ಯಾಯ ಮಾಡಿದೆನೆಂದು ಕೊರಗಿದವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವಳು ಮೊದಲು ಲಂಬೂಗೆ ಫೋನ್ ಮಾಡಿದಳು. ಎರಡೇ ನಿಮಿಷದ ಮಾತು. ಆಚೆಯಿಂದ ಒಂದು ದೊಡ್ಡ ಬೈಗುಳ, ಅದರ ಬೆನ್ನಿಗೇ ಬಿಕ್ಕುವ ಸದ್ದು. "ಬರ್ತೀನಿ ಕಣೆ, ನಿನಗೆ ಒದೆಯೋಕಾದ್ರೂ ಬರ್ತೀನಿ!"

ಆಮೇಲೆ ಕೂತು ಬರೆದಳು. ಚೆಂಡು ಜಾರಿದ್ದು, ಲಂಬೂ ಮೈಚಾಚಿ ಹಾರಿದರೂ ಎಟುಕದೆ ಹೋದದ್ದು, ಸ್ಕೋರರ್ ಸರಿಯಾಗಿಯೇ ಬರೆದದ್ದು. ಐದಕ್ಕೆ ಹತ್ತು ನಿಮಿಷವಿರುವಾಗ ಪುಟ ಪ್ರೆಸ್ಸಿಗೆ ಹೋಯಿತು.

ಕೋಣೆಯಲ್ಲಿ ಇನ್ನು ಮಾಡಲು ಕೆಲಸವಿರಲಿಲ್ಲ. ಅವನು ಗಡಿಯಾರ ನೋಡಿದ, ಚೀಲ ಹೆಗಲಿಗೇರಿಸಿದ, ಬಾಗಿಲವರೆಗೂ ಹೋದ.

'ಹೋಗ್ತಾನೆ... ಈಗಲೂ ಬಾಯಿ ಬಿಡದಿದ್ರೆ ಹೋಗೇ ಬಿಡ್ತಾನೆ!'

"ನಿಲ್ಲು!" ಎಂದಳು. ಹೊರಗಿನ ಮೈದಾನಕ್ಕೂ ಕೇಳಿಸುವಂತೆ. "ಅವತ್ತು ಸಂಜೆ ಏನೋ ಮಾತಾಡ್ಬೇಕು ಅಂದಿದ್ಯಲ್ಲ, ಅದನ್ನ ಹೇಳದೇ ಹೋಗ್ತೀಯಾ?"

ಅವನು ತಿರುಗಿದ. "ಏಳು ವರ್ಷ ಹಳೇ ಮಾತು."

"ಹಳಸಿದೆಯಾ?"

"ಇಲ್ಲ." ಅವನ ದನಿ ಒಡೆಯಿತು. "ನಿನ್ನ ಬಿಟ್ಟು ಬೇರೆ ಯಾರೂ ಬೇಡ ನನಗೆ. ಅವತ್ತೂ, ಇವತ್ತೂ. ಆದ್ರೆ ಯೋಚ್ನೆ ಮಾಡು. ನಾನು ತಪ್ಪು ಕಂಡ್ರೆ ತಪ್ಪು ಅಂತಾನೇ ಬರೆಯೋನು. ಮನೇಲೂ ಹಾಗೇ ಇರ್ತೀನಿ."

ಅವಳು ಹತ್ತಿರ ಬಂದು ಅವನ ಹೆಗಲಿನ ಚೀಲ ಇಳಿಸಿಕೊಂಡಳು.

"ಬರಿ. ದಿನಾ ಬರಿ. ನಾನು ಕೂಗಾಡ್ತೀನಿ, ಮುನಿಸ್ಕೋತೀನಿ... ಆದ್ರೆ ಎದ್ದು ಹೋಗಲ್ಲ."

"ಸತ್ಯವಾಗ್ಲೂ?"

"ಸತ್ಯವಾಗ್ಲೂ. ಬಾ, ಕೂತ್ಕೊ."