ಇಂಟು ಗುರುತಿನ ಗೋಡೆ

"ಆ ಗೋಡೆ ಮೇಲಿಂದ ಕೈ ತೆಗೀರಿ."

ಅವನು ತೆಗೆಯಲಿಲ್ಲ. ಕಿವಿಯನ್ನು ಗೋಡೆಗೆ ಒತ್ತಿಕೊಂಡು, ಸಣ್ಣ ಸುತ್ತಿಗೆಯಿಂದ ಟಕ್... ಟಕ್... ಎಂದು ತಟ್ಟುತ್ತಲೇ ಇದ್ದ.

"ನಿಮಗೇ ಹೇಳಿದ್ದು."

"ಸ್ವಲ್ಪ ಸುಮ್ನಿರಿ ಅಕ್ಕ. ಗೋಡೆ ಏನೋ ಹೇಳ್ತಿದೆ."

ಅಕ್ಕ! ಅವಳ ಮೈ ಉರಿಯಿತು. ಅವನ ಕಿವಿಯ ಪಕ್ಕದಲ್ಲಿ ಆಗಲೇ ನರೆ ಇಣುಕುತ್ತಿತ್ತು. ಭೂಕಂಪ ಮನೆಯನ್ನು ಅಲುಗಾಡಿಸಿದ್ದು ಸಾಲದೆ, ಈ ಮನುಷ್ಯ ತನ್ನ ವಯಸ್ಸನ್ನೂ ಅಲುಗಾಡಿಸಬೇಕೇ?

ಅದು ಅವಳ ಹೊಲಿಗೆ ಅಂಗಡಿ. ಹಿಂದೆ ಅಡುಗೆಮನೆ, ಮೇಲೊಂದು ಕೋಣೆ. ಅವಳ ಮತ್ತು ಅಮ್ಮನ ಬದುಕೆಲ್ಲ ಅಷ್ಟರಲ್ಲೇ. ಭೂಮಿ ನಡುಗಿದ ದಿನದಿಂದ ಇಡೀ ಬೀದಿ ಶಾಲೆಯ ಮೈದಾನದ ಡೇರೆಗಳಲ್ಲಿ ವಾಸವಾಗಿತ್ತು. ಯಾರ ಜೀವವೂ ಹೋಗಿರಲಿಲ್ಲ. ಆದರೆ ಯಾರ ಮನೆ ಉಳಿಯುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಡೇರೆಯಲ್ಲಿ ಅವಳಿಗೆ ನೆನಪಾಗುತ್ತಿದ್ದದ್ದು ಬೀರುವಲ್ಲ, ಒಳ್ಳೆಯ ಸೀರೆಗಳಲ್ಲ. ಅಡುಗೆಮನೆಯ ಸೋರುವ ನಲ್ಲಿ. ಎಷ್ಟು ಬಿಗಿದರೂ ತೊಟ್... ತೊಟ್... ಎಂದು ತಲೆ ತಿನ್ನುತ್ತಿದ್ದ ನಲ್ಲಿ.

'ಮನೆಯೊಂದು ಉಳಿದರೆ ಸಾಕು. ಆ ನಲ್ಲಿಯನ್ನು ಇನ್ನೆಂದೂ ಬೈಯುವುದಿಲ್ಲ' ಎಂದು ಅವಳು ಕಾಣದ ದೇವರಿಗೆ ಮಾತು ಕೊಟ್ಟಿದ್ದಳು.

ಬೀದಿಯ ಗೋಡೆಗಳನ್ನು ಪರೀಕ್ಷಿಸಲು ಬಂದಿದ್ದ ಆ ಮೇಸ್ತ್ರಿ ಜೇಬಿನಿಂದ ಸೀಮೆಸುಣ್ಣ ತೆಗೆದ. ಅಂಗಡಿಗೂ ಅಡುಗೆಮನೆಗೂ ನಡುವಿನ ಗೋಡೆಯ ಮೇಲೆ, ಅವಳ ಹೊಲಿಗೆ ಮೆಷಿನ್ನಿನ ಹಿಂದೆಯೇ, ದೊಡ್ಡದೊಂದು ಇಂಟು ಗುರುತು ಹಾಕಿದ. ಬಿರುಕು ಬಿಟ್ಟ ಹಿಂಬದಿಯ ಗೋಡೆಯನ್ನು ನೋಡಿ ತಲೆಯಾಡಿಸಿದ. ಅದಕ್ಕೆ ಏನೂ ಹಾಕಲಿಲ್ಲ.

"ನಾಳೆ ಬೆಳಗ್ಗೆ ಒಡೆಯೋರು ಬರ್ತಾರೆ. ನೀವು ಹೊರಗೇ ಇರಿ ಅಕ್ಕ."

ಅಷ್ಟು ಹೇಳಿ ಪಕ್ಕದ ಮನೆಗೆ ಹೋಗಿಯೇಬಿಟ್ಟ.

ಅವಳು ಆ ಗುರುತನ್ನೇ ನೋಡುತ್ತ ನಿಂತಳು. ಅವಳ ಕಸುಬಿನಲ್ಲೂ ಸೀಮೆಸುಣ್ಣವಿತ್ತು, ಇಂಟು ಗುರುತೂ ಇತ್ತು. ಅದಕ್ಕೆ ಒಂದೇ ಅರ್ಥ. ಹೊಲಿಗೆ ತಪ್ಪಿದೆ, ಬಿಚ್ಚು.

'ನನ್ನ ಮನೆಯನ್ನು ಬಿಚ್ಚುತ್ತಾನಂತೆ... ಅದು ಹೇಗೆ ಬಿಚ್ಚುತ್ತಾನೋ ನೋಡೇಬಿಡೋಣ.'

ನಲ್ಲಿಯಲ್ಲಿ ನೀರಿರಲಿಲ್ಲ. ಕುಡಿಯಲೆಂದು ಕೊಟ್ಟ ಬಾಟಲಿಯ ನೀರನ್ನೇ ಬಟ್ಟೆಯ ತುಂಡಿಗೆ ಸುರಿದುಕೊಂಡು, ಗುರುತಿನ ನೆರಳೂ ಉಳಿಯದಂತೆ ಒರೆಸಿದಳು. ಆ ದಿನ ಬಾಯಾರಿದರೂ ಎದೆ ತಂಪಾಗಿತ್ತು.

ಬೆಳಗ್ಗೆ ಒಡೆಯುವವರು ಬಂದರು. ಅವರ ಮುಖಂಡನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ಅವನು ಒಳಗೆ ಕಣ್ಣಾಡಿಸಿ, "ಇಲ್ಲಿ ಯಾವುದಕ್ಕೂ ಗುರುತಿಲ್ಲ. ನಡುವಿಂದು, ಹಿಂದಿಂದು, ಎರಡೂ ಗೋಡೆ ಬೀಳಿಸಿ" ಎಂದ.

ಅವಳು ಮುಂದೆ ಬಂದಳು.

"ಗುರುತಿಲ್ಲದಿದ್ರೆ ಯಾಕೆ ಬೀಳಿಸ್ತೀರಿ?"

"ಬೀಳೋ ಗೋಡೆ ಹತ್ರ ಹೋಗಿ ಯಾರಮ್ಮ ಗುರುತು ಹಾಕ್ತಾರೆ, ತಲೆ ಮೇಲೆ ಬಿದ್ರೆ? ಉಳಿಯೋ ಗೋಡೆಗೆ ಮಾತ್ರ ಇಂಟು."

ಉಳಿಯೋ ಗೋಡೆಗೆ...

ತನ್ನ ಕೈಯಾರೆ ಒರೆಸಿದ್ದು ಏನನ್ನು ಎಂದು ಅವಳಿಗೆ ಆಗ ತಿಳಿಯಿತು. ಎತ್ತಿದ ಸುತ್ತಿಗೆಗೂ ಗೋಡೆಗೂ ನಡುವೆ ಓಡಿ, ಬೆನ್ನು ಕೊಟ್ಟು ನಿಂತಳು.

ಗದ್ದಲ ಕೇಳಿ ಮೇಸ್ತ್ರಿ ಓಡಿ ಬಂದ.

"ನಿಲ್ಸಿ! ಮಾಳಿಗೆ ನಿಂತಿರೋದೇ ಆ ಗೋಡೆ ಮೇಲೆ."

"ಹಾಗಾದ್ರೆ ಗುರುತೆಲ್ಲಪ್ಪ?"

ಮೇಸ್ತ್ರಿ ಗೋಡೆ ನೋಡಿದ. ಒರೆಸಿದ ಜಾಗ ಉಳಿದದ್ದಕ್ಕಿಂತ ಬೆಳ್ಳಗೆ ಹೊಳೆಯುತ್ತಿತ್ತು. ಅವಳ ಮುಖ ನೋಡಿದ. ಎಲ್ಲವೂ ಅರ್ಥವಾಯಿತು.

"ಹಾಕೋಕೆ ಮರೆತೆ, ದೊಡ್ಡಣ್ಣ. ನಂದೇ ತಪ್ಪು."

"ಮರೆತೆ ಅಂತ ಎಷ್ಟು ಸಲೀಸಾಗಿ ಹೇಳ್ತೀಯ? ಜನರ ಮನೆ ಕಣಯ್ಯ ಇದು. ಗೋಡೆ ನೋಡೋ ಕೆಲಸ ಬಿಡು. ಇವತ್ತಿಂದ ಇಟ್ಟಿಗೆ ಹೊರು."

ಮೇಸ್ತ್ರಿ ತಲೆ ತಗ್ಗಿಸಿದ. ಅವಳಿಗೆ ತಡೆಯಲಾಗಲಿಲ್ಲ.

"ಅವರು ಮರೆತಿಲ್ಲ. ಒರೆಸಿದ್ದು ನಾನು... ನಮ್ಮಲ್ಲಿ ಇಂಟು ಅಂದ್ರೆ ಬಿಚ್ಚು ಅಂತ."

ದೊಡ್ಡಣ್ಣನ ಹೊಟ್ಟೆ ನಗುವಿಗೆ ಕುಲುಕತೊಡಗಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಹಣೆ ಚಚ್ಚಿಕೊಂಡಳು.

"ಇವಳು ಚಿಕ್ಕವಳಿದ್ದಾಗಿಂದ ಹೀಗೇ. ಮೊದ್ಲು ಒರೆಸ್ತಾಳೆ, ಆಮೇಲೆ ಕೇಳ್ತಾಳೆ."

ಬೀದಿಯವರೆಲ್ಲ ನಕ್ಕರು. ಭೂಮಿ ನಡುಗಿದ ಮೇಲೆ ಆ ಬೀದಿ ನಕ್ಕದ್ದು ಅದೇ ಮೊದಲು.

ಮೇಸ್ತ್ರಿ ಮತ್ತೆ ಸೀಮೆಸುಣ್ಣ ತೆಗೆದು ಇಂಟು ಗುರುತು ಹಾಕಿದ.

"ಇದನ್ನಾದ್ರೂ ಬಿಡ್ತೀರಾ ಅಕ್ಕ?"

"ಅಕ್ಕ ಅನ್ನೋದು ಬಿಟ್ರೆ ನೋಡೋಣ."

ಅವನು ಬಿಡಲಿಲ್ಲ.

ಹಿಂಬದಿಯ ಗೋಡೆ ಬಿತ್ತು. ಹೊಸ ಗೋಡೆ ಏಳತೊಡಗಿತು. ಗಾರೆಯ ತೇವ ಇನ್ನೂ ಆರಿರಲಿಲ್ಲ, ಅವಳು ಮೆಷಿನ್ನಿಗೆ ಎಣ್ಣೆ ಬಿಟ್ಟು ಹರಿದ ಡೇರೆಯೊಂದನ್ನು ಹೊಲಿಯಲು ಕುಳಿತಳು. ಕಟಕಟ ಸದ್ದು ಬೀದಿಗೆ ಹರಿಯಿತು. ಸದಾ ಆ ಸದ್ದಿಗೆ ಗೊಣಗುತ್ತಿದ್ದ ಎದುರುಮನೆ ಅಜ್ಜಿ ಬಂದು ಹೊಸ್ತಿಲ ಮೇಲೆ ಕುಳಿತಳು.

"ಮೊದ್ಲು ಈ ಸದ್ದಿಗೆ ನಿದ್ದೆ ಬರ್ತಿರ್ಲಿಲ್ಲ ಕಣೇ. ಈಗ ಇದಿಲ್ದೆ ಬರಲ್ಲ. ಹೊಲಿ, ಹೊಲಿ."

ಹೇಳಿದ ಸ್ವಲ್ಪ ಹೊತ್ತಿಗೆ ಅಜ್ಜಿ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು.

ಅವಳು ಮೇಸ್ತ್ರಿಗೊಂದು ಅಂಗಿ ಹೊಲಿಯಲು ಹೊರಟಳು. ಅಳತೆ ತೆಗೆಯುವಾಗ ಕೇಳಿದಳು, "ಗೋಡೆ ಮಾತಾಡೋದು ನಿಮಗೆ ಹೇಗೆ ಕೇಳಿಸುತ್ತೆ?"

"ನಮ್ಮೂರೂ ಒಂದ್ಸಲ ಹೀಗೇ ನಡುಗಿತ್ತು. ನಮ್ಮನೆ ಗೋಡೆ ತಟ್ಟಿ ನೋಡೋರು ಯಾರೂ ಇರ್ಲಿಲ್ಲ. ಎಲ್ಲಾನೂ ಬೀಳಿಸಿದ್ರು." ಅವನು ತೋಳು ಚಾಚಿಯೇ ನಿಂತಿದ್ದ. "ಆಮೇಲೆ ಮನೆ ಅಂತ ಒಂದು ಆಗ್ಲೇ ಇಲ್ಲ. ಬೈಯೋಕೆ ಒಂದು ನಲ್ಲಿ ಇರೋದೂ ಅದೃಷ್ಟ, ಅಕ್ಕ."

"ನಲ್ಲಿ ವಿಷಯ ಯಾರು ಹೇಳಿದ್ರು?"

"ನಿಮ್ಮಮ್ಮ."

ಅವಳ ಕೈಯ ಟೇಪು ಅವನ ತೋಳಿನ ಮೇಲೆಯೇ ನಿಂತಿತು. 'ಎಷ್ಟು ಮನೆಗಳನ್ನು ಉಳಿಸಿದ್ದಾನೆ... ಇವನಿಗೆ ಒಂದು ಬಾಗಿಲು ಬೇಡವೇ?'

ಕೆಲಸ ಮುಗಿಯಿತು. ಮರುದಿನ ತಂಡ ಬೇರೆ ಊರಿಗೆ ಹೊರಡುವುದಿತ್ತು. ಅವಳು ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದಾಗ ಅಡುಗೆಮನೆಯಲ್ಲಿ ಏನೋ ಬುಸುಗುಟ್ಟಿತು. ಕೆಮ್ಮಿತು. ಆಮೇಲೆ ಧಾರೆಯಾಗಿ ಸುರಿಯಿತು.

ನೀರು!

ಬೀದಿಯುದ್ದಕ್ಕೂ ಪಾತ್ರೆಗಳ ಸದ್ದೆದ್ದಿತು. ಅಮ್ಮ ಬಿಂದಿಗೆ ತುಂಬಿಸಿ ನಲ್ಲಿ ನಿಲ್ಲಿಸಿದಳು.

ತೊಟ್... ತೊಟ್... ತೊಟ್...

ಅವಳ ಕಣ್ಣು ತುಂಬಿ ಬಂತು. ಅರಮನೆ ಕೇಳಿರಲಿಲ್ಲ ಅವಳು. ಇಷ್ಟೇ ಕೇಳಿದ್ದಳು, ಇಷ್ಟೂ ಸಿಕ್ಕಿತ್ತು.

ಬೀಳ್ಕೊಳ್ಳಲು ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತು ಕಿವಿಗೊಟ್ಟ. "ವಾಷರ್ ಹೋಗಿದೆ. ಹಾಕಿಕೊಡ್ಲಾ?"

"ಬೇಡ. ಸೋರ್ಲಿ ಬಿಡಿ." ಅವಳು ಕೆಳಗೊಂದು ಚೊಂಬು ಇಟ್ಟು ಬಂದಳು. "ಅಂಗಿ ಹಾಕ್ಕೊಂಡು ನೋಡಿ."

ಹಳೆಯ ಬನಿಯನ್ನಿನ ಮೇಲೆ ಹಾಕಿಕೊಂಡ. ಅಚ್ಚುಕಟ್ಟಾಗಿ ಕೂತಿತು. ಅವಳು ಚಪ್ಪಟೆ ಸೀಮೆಸುಣ್ಣ ತೆಗೆದು, ಅವನ ಎಡ ಎದೆಯ ಮೇಲೆ ಇಂಟು ಗುರುತು ಹಾಕಿದಳು.

ಅವನ ಮುಖ ಬಾಡಿತು. "ತಪ್ಪಾಯ್ತಾ? ಬಿಚ್ಚಬೇಕಾ?"

"ಇದು ನಮ್ಮ ಕಸುಬಿನ ಗುರುತಲ್ಲ, ಮೇಸ್ತ್ರಿ. ನಿಮ್ಮದು."

ತೊಟ್... ತೊಟ್...

ಅವನು ಎದೆಯ ಮೇಲಿನ ಬಿಳಿ ಗೆರೆಗಳನ್ನು ನೋಡಿದ. ಉಳಿಯಬೇಕಾದ್ದಕ್ಕೆ ಮಾತ್ರ ಹಾಕುವ ಗುರುತು. ಅದನ್ನು ತನ್ನ ಮೇಲೆ ಈವರೆಗೆ ಯಾರೂ ಹಾಕಿರಲಿಲ್ಲ.

"ಸರಿಯಾಗಿ ತಟ್ಟಿ ನೋಡಿದೀರಾ? ಒಳಗೆ ಟೊಳ್ಳಿದ್ರೆ?"

ಅವಳು ಬೆರಳ ಗೆಣ್ಣಿನಿಂದ ಅವನ ಎದೆಗೆ ತಟ್ಟಿದಳು. ಟಕ್... ಟಕ್... ಕಿವಿ ಹತ್ತಿರ ತಂದಳು.

"ಗಟ್ಟಿಯಾಗೇ ಇದೆ. ಆದ್ರೆ ತುಂಬಾ ಜೋರಾಗಿ ಬಡ್ಕೋತಿದೆ."

"ಇಷ್ಟು ದಿನ ನಿಮ್ಮನ್ನ ಅಕ್ಕ ಅಂದಿದ್ದು ಭಯಕ್ಕೆ. ಬೇರೆ ಹೆಸರಲ್ಲಿ ಕರೆದ್ರೆ ಈ ಊರು ಬಿಟ್ಟು ಹೋಗೋಕಾಗಲ್ಲ ಅಂತ... ಇನ್ಮೇಲೆ ಅನ್ನಲ್ಲ."

"ಮೊದ್ಲೇ ಅನ್ಬಾರ್ದಿತ್ತು" ಎಂದಳು ಅಮ್ಮ, ಉಳಿದ ಗೋಡೆಯ ಆಚೆಯಿಂದ.

ಇಬ್ಬರೂ ನಕ್ಕರು. ಅವನು ಗುರುತಿನ ಮೇಲೆ ಅಂಗೈಯನ್ನು ಅಡ್ಡ ಹಿಡಿದುಕೊಂಡ, ಗಾಳಿಗೂ ಅಳಿಸಿಹೋದೀತೆಂಬಂತೆ.

"ಒಗೆದ್ರೆ ಹೋಗಿಬಿಡುತ್ತಲ್ಲ ಇದು?"

"ಹೋಗ್ಲಿ. ದಿನಾ ಹಾಕ್ತೀನಿ."