ಹಲಗೆ ತಿರುಗಿಸಿದ ಹೊನ್ನಿ

ಬಹಳ ಹಿಂದೆ, ಕಡಲು ಇನ್ನೂ ಮನುಷ್ಯರ ಮಾತಿಗೆ ಕಿವಿಗೊಡುತ್ತಿದ್ದ ಕಾಲದಲ್ಲಿ, ತೆರೆಗಾವಲು ಎಂಬ ದ್ವೀಪರಾಜ್ಯವಿತ್ತು. ಅಲ್ಲಿ ಕುದುರೆ ಇರಲಿಲ್ಲ, ಆನೆ ಇರಲಿಲ್ಲ. ವೀರರಾದವರು ಅಲೆಯನ್ನೇ ಏರುತ್ತಿದ್ದರು. ಹಾಲುವಾಣದ ಹಗುರ ಮರವನ್ನು ಆಳುದ್ದದ ಹಲಗೆಯಾಗಿ ಕೆತ್ತಿ, ಅದರ ಮೇಲೆ ಬೋರಲು ಮಲಗಿ, ಕೈಯಿಂದ ನೀರು ತಳ್ಳುತ್ತ ಕಡಲಿಗೆ ಹೋಗುವರು. ಅಲೆ ಬಂತೋ, ಎದ್ದು ನಿಂತು ಅದರ ಮೈಮೇಲೆ ಜಾರುತ್ತ ಬರುವರು.

ದ್ವೀಪದ ಪಡುವಣಕ್ಕೆ ನೀರಿನಡಿ ಹವಳದ ಬಂಡೆಸಾಲೊಂದಿತ್ತು. ಅದರ ಹೆಸರು ದವಡೆ. ತೆಂಗಿನಮರದೆತ್ತರದ ಅಲೆ ಅಲ್ಲಿ ಒಡೆಯುತ್ತಿತ್ತು. ಕೆಳಗೆ ಮೊಣಕಾಲುದ್ದ ನೀರು, ಅದರ ಕೆಳಗೆ ಕತ್ತಿಯಂಥ ಹವಳ. ನುರಿತವರೂ ಅಲ್ಲಿ ನೂರು ಸಲ ಯೋಚಿಸಬೇಕು. ಆದರೆ ಯೋಚಿಸಲು ಆ ರಾಜ್ಯದಲ್ಲಿ ಯಾರಿಗೂ ಅಪ್ಪಣೆ ಇರಲಿಲ್ಲ! ಬಂದ ಅಲೆಯನ್ನು ಏರದೆ ಹಲಗೆಯ ಮೂತಿ ತಿರುಗಿಸಿದರೆ, ಆ ಹಲಗೆ ಒಲೆಗೆ. ಅದು ಉರಿದು ಬೂದಿಯಾಗುವವರೆಗೆ ಊರವರೆಲ್ಲ ಸುತ್ತ ನಿಂತು ನಗಬೇಕು. ಹಿರಿಯರು ಮಾಡಿದ ಕಟ್ಟಳೆ, ಕೇಳುವವರು ಯಾರು?

ಈ ಕಟ್ಟಳೆಯನ್ನು ಚೆನ್ನಾಗಿ ಬಲ್ಲವನು ಧೂಮಾಂಗನೆಂಬ ಮಾಂತ್ರಿಕ. ದವಡೆಯಾಚೆಯ ಒಂಟಿಬಂಡೆಯ ಮೇಲೆ ಅವನ ವಾಸ. ಅವನು ಮಾಟದ ಅಲೆಗಳನ್ನು ಎಬ್ಬಿಸುವನು. ವೀರರು ಬಿಡಲಾರದೆ ಏರುವರು. ನಡುದಾರಿಯಲ್ಲಿ ಅಲೆ ಮಾಯವಾಗುವುದು, ಏರಿದವನು ನೀರುಕಾಗೆಯಾಗಿ ಹಾರಿ ಅವನ ಬಂಡೆಯ ಮೇಲೆ ಕೂರುವನು. ಒಂದೇ ಬೇಸಗೆಯಲ್ಲಿ ನಲವತ್ತು ಜನ ಹಾಗೆ ಹೋದರು. ನಲವತ್ತನೆಯವನು ಜಟ್ಟಿ, ಹೊನ್ನಿಯ ಅಣ್ಣ.

"ಒಬ್ಬರಾದರೂ ದವಡೆಯ ಅಲೆಯನ್ನು ಕೊನೆಯವರೆಗೆ ಏರಿ ಬನ್ನಿ, ಎಲ್ಲರನ್ನೂ ಬಿಡುತ್ತೇನೆ" ಎಂದು ಧೂಮಾಂಗ ಕೂಗಿ ಹೇಳಿದ. "ಮಳೆಗಾಲದ ಮೊದಲ ಗುಡುಗಿನವರೆಗೆ ಗಡುವು. ಆಮೇಲೆ ಅವರಿಗೆ ತಾವು ಮನುಷ್ಯರೆಂಬುದೇ ಮರೆತುಹೋಗುತ್ತದೆ."

ಪಡುವಣದಲ್ಲಿ ಆಗಲೇ ಮೋಡ ಕಟ್ಟಿತ್ತು. ಹೊನ್ನಿಯ ಅಜ್ಜಿ ಬೀರಜ್ಜಿ ಊರಿಗೆಲ್ಲ ಹಲಗೆ ಕೆತ್ತಿಕೊಡುವವಳು. ಬೆಳಗಿನ ಇಳಿತದ ಹೊತ್ತಿಗೆ ಅವಳು ಮೊಮ್ಮಗಳನ್ನು ದವಡೆಯ ಮೇಲೆ ಬರಿಗಾಲಲ್ಲಿ ನಡೆಸಿಕೊಂಡು ಹೋಗಿ, ಒಂದು ಗುಂಡುಗಲ್ಲಿನ ಮೇಲೆ ಕೈಯಿಟ್ಟಳು.

"ನಿಜವಾದ ಅಲೆ ಬರುವ ಮೊದಲು ಇಲ್ಲಿಯ ನೀರನ್ನೆಲ್ಲ ಎಳ್ಕೊಳ್ತದೆ ಮಗಾ. ಆಗ ಈ ಕಲ್ಲಿನ ನೆತ್ತಿ ಕಾಣ್ತದೆ. ಎಳ್ಕೊಳ್ಳದೆ ಬಂದದ್ದು ಅಲೆಯಲ್ಲ, ಮಾಟ."

"ಅಣ್ಣನಿಗೆ ಯಾಕೆ ಹೇಳಲಿಲ್ಲ ಅಜ್ಜೀ?"

"ಹೇಳಿದ್ದೆ. ಬಂದ ಅಲೆ ಬಿಡುವಷ್ಟು ಧೈರ್ಯ ಅವನಿಗೆ ಇರ್ಲಿಲ್ಲ."

ಉಬ್ಬರ ಏರುತ್ತಲೇ ಹೊನ್ನಿ ಹಲಗೆ ಹಿಡಿದು ಹೊರಟಳು. ದಂಡೆಯಲ್ಲಿ ರಾಜನೂ ಪ್ರಜೆಗಳೂ ನೆರೆದರು.

ಮೊದಲನೆಯ ಅಲೆ ಬಂತು. ಪಚ್ಚೆಯ ಬಣ್ಣ, ಒಳಗೆ ಚಿನ್ನದ ಮೀನುಗಳು, ನಡುವೆ ಜಟ್ಟಿಯ ಮುಖ. "ಬಾ ತಂಗೀ, ಬೇಗ ಬಾ!" ಎಂದಿತು ಮುಖ. ಹೊನ್ನಿಯ ಎದೆ ಹಾರಿತು. ಆದರೂ ಗುಂಡುಗಲ್ಲಿನತ್ತ ನೋಡಿದಳು. ಕಲ್ಲಿನ ಮೇಲೆ ನೀರು ಅಲ್ಲಾಡದೆ ನಿಂತಿತ್ತು. ಅವಳು ಹಲಗೆ ತಿರುಗಿಸಿದಳು. ದಂಡೆಯಲ್ಲಿ ಜನ ಹೋ ಎಂದು ನಕ್ಕರು.

ಎರಡನೆಯ ಅಲೆ ಬಂತು. ಬೆಳ್ಳಿಯ ಬಣ್ಣ, ರಾಜಬೀದಿಯಷ್ಟು ನೇರ. ಹೊಗೆಯ ರೂಪದಲ್ಲಿ ಧೂಮಾಂಗ ಪಕ್ಕಕ್ಕೇ ಬಂದು ಪಿಸುಗುಟ್ಟಿದ: "ಒಂದು ಸಲ ತಿರುಗಿಸಿದ್ದನ್ನು ಜನ ಮರೆತಾರು. ಎರಡನೇ ಸಲ ತಿರುಗಿಸಿದರೆ ಸಾಯುವವರೆಗೂ ನಗ್ತಾರೆ. ನನಗೆ ಗೊತ್ತು."

ಹೊನ್ನಿಗೆ ಅಳು ಬಂತು. ಅಳುತ್ತಲೇ ಕಲ್ಲಿನತ್ತ ನೋಡಿದಳು. ನೀರು ಹಾಗೇ ಇತ್ತು. ಅಳುತ್ತಲೇ ಹಲಗೆ ತಿರುಗಿಸಿದಳು.

ಮೂರನೆಯ ಅಲೆಗೆ ಚೆಂದವೇ ಇರಲಿಲ್ಲ. ಕೆಸರು ಬಣ್ಣ, ಪಾಚಿಯ ವಾಸನೆ. ಆದರೆ ಅದು ದೂರದಲ್ಲಿರುವಾಗಲೇ ದವಡೆಯ ನೀರೆಲ್ಲ ಸರಸರನೆ ಹಿಂದಕ್ಕೆ ಸರಿಯಿತು, ಗುಂಡುಗಲ್ಲಿನ ನೆತ್ತಿ ಹೊಳೆಯಿತು. ಹೊನ್ನಿಗೆ ಈಗ ನಿಜವಾದ ಭಯವಾಯಿತು. ಭಯಪಡುತ್ತ ಕೂರಲು ಹೊತ್ತಿರಲಿಲ್ಲ. ನಾಲ್ಕು ಸಲ ನೀರು ತಳ್ಳಿ ಎದ್ದು ನಿಂತಳು.

ಅಲೆ ಅವಳ ತಲೆಯ ಮೇಲೆ ಮಾಡಿನಂತೆ ಬಾಗಿತು. ಎಡಗೈಗೆ ನೀರಿನ ಗೋಡೆ, ಕಾಲಡಿಗೆ ಹವಳ, ಮುಂದೆ ಗವಾಕ್ಷಿಯಷ್ಟು ಬೆಳಕು. ಬೆಳಗ್ಗೆ ಪಾದ ಮುಟ್ಟಿದ ಒಂದೊಂದು ಕಲ್ಲೂ ನೆನಪಿತ್ತು. ಅವುಗಳನ್ನು ತಪ್ಪಿಸುತ್ತ ಆ ಬೆಳಕಿನತ್ತಲೇ ಜಾರಿದಳು. ಕೊನೆಯ ಕಲ್ಲಿಗೆ ಹಲಗೆ ತಗುಲಿ ಎರಡಾಯಿತು, ಅವಳು ಆಳದ ನೀರಿಗೆ ಬಂದು ಬಿದ್ದಳು. ಅವಳು ತಲೆಯೆತ್ತಿದ ಮೇಲೆಯೇ ಗುಡುಗಿತು.

ಒಂಟಿಬಂಡೆಯಿಂದ ನಲವತ್ತು ನೀರುಕಾಗೆಗಳು ನಲವತ್ತು ಮನುಷ್ಯರಾಗಿ ದೊಪ್ಪನೆ ನೀರಿಗೆ ಬಿದ್ದವು. "ಹೊನ್ನೀ!" ಎಂದು ಕೂಗುತ್ತ ಎಲ್ಲರಿಗಿಂತ ಮುಂದೆ ಈಜಿ ಬಂದವನು ಜಟ್ಟಿ. ಧೂಮಾಂಗನ ಮಾಟವೆಲ್ಲ ಹೊಗೆಯಂತೆ ಹರಿದುಹೋಗಿ, ಒಬ್ಬ ಬಡಕಲು ಮುದುಕ ನೀರಲ್ಲಿ ಮುಳುಗೇಳುತ್ತಿದ್ದ. ಹೊನ್ನಿ ಮುರಿದ ಹಲಗೆಯ ಅರ್ಧವನ್ನು ಅವನತ್ತ ತಳ್ಳಿದಳು.

ದಂಡೆಯಲ್ಲಿ ರಾಜ ತಲೆ ತಗ್ಗಿಸಿ, "ಈ ಹಲಗೆಯನ್ನು ಒಲೆಗೆ ಹಾಕುವುದು ಬೇಡ ತಾಯೀ, ಗುಡಿಯಲ್ಲಿಡೋಣ" ಎಂದ.

"ತಿರುಗಿಸಿದ್ದು ಹೌದಲ್ಲ ಪ್ರಭು, ಒಲೆಗೇ ಹಾಕಿ. ಇವರೆಲ್ಲ ಹಸಿದಿದ್ದಾರೆ, ಗಂಜಿ ಬೇಯಲಿ" ಎಂದಳು ಹೊನ್ನಿ.

ಅರಮನೆಯ ಅಡುಗೆಮನೆಯಲ್ಲಿ ಹಲಗೆ ಹೊಗೆಯಾಡುತ್ತ ಉರಿಯಿತು. ಸುತ್ತ ಊರೆಲ್ಲ ನಿಂತಿತ್ತು, ಒಬ್ಬರೂ ನಗಲಿಲ್ಲ. ಮುದುಕ ಮಾತ್ರ ಬಾಗಿಲಾಚೆ ಮುದುಡಿ ಕೂತಿದ್ದ. ಬೀರಜ್ಜಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ನೀನು ಕುಪ್ಪ ಅಲ್ವಾ? ಸಣ್ಣಮ್ಮನ ಮಗ?"

"ಹೌದು ಅಕ್ಕಾ. ನನ್ನ ಹಲಗೆ ಉರಿಯುವಾಗ ನನಗೆ ಹನ್ನೆರಡು ವರ್ಷ. ಎಲ್ಲರೂ ನಕ್ಕರು."

"ನಾನೂ ನಕ್ಕಿದ್ದೆ ಕುಪ್ಪಾ. ಆ ಹಲಗೆ ಕೆತ್ತಿದವಳೇ ನಾನು. ಆದರೂ ನಕ್ಕೆ."

ಅವಳು ಮೊದಲ ಬಟ್ಟಲು ಗಂಜಿಯನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲೇ ಕೂತಳು. ಅವನು ಕುಡಿದು ಮುಗಿಸುವವರೆಗೂ ಏಳಲಿಲ್ಲ.

ಆ ಕಟ್ಟಳೆ ಅವತ್ತೇ ಬೂದಿಯಾಯಿತು. ಕುಪ್ಪ ಬೀರಜ್ಜಿಯ ಬಳಿ ಹಲಗೆ ಕೆತ್ತಲು ಕೂತ, ಜಟ್ಟಿ ಅಲೆಗಿಂತ ಮೊದಲು ನೀರು ನೋಡಲು ಕಲಿತ, ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು. ತೆರೆಗಾವಲಿನಲ್ಲಿ ಇಂದಿಗೂ ಮಕ್ಕಳನ್ನು ಮೊದಲ ದಿನ ಕಡಲಿಗೆ ಇಳಿಸಿದಾಗ ಹಲಗೆ ತಿರುಗಿಸುವುದನ್ನೇ ಕಲಿಸುತ್ತಾರೆ. ಮಗು ಸರಿಯಾಗಿ ತಿರುಗಿಸಿತೆಂದರೆ ದಂಡೆಯಲ್ಲಿ ಎಲ್ಲರಿಗೂ ಗಂಜಿ.