ತೊಳೆದಿಟ್ಟ ಡಬ್ಬಿಗಳು

ಡಬ್ಬಿಗಳೆಲ್ಲ ಇದ್ದವು. ಒಳಗಿನ ಫಿಲಂ ಮಾತ್ರ ಮಾಯ!

ಹಾಲಿವುಡ್‌ನ ಆ ಸ್ಟುಡಿಯೋ ಉಗ್ರಾಣದಲ್ಲಿ ವರ್ನಾ ಸ್ಟ್ರೌಡ್ ಖಾಲಿ ಡಬ್ಬಿಯೊಂದನ್ನು ಎದೆಗವಚಿಕೊಂಡು ನಿಂತಿದ್ದಳು. ಮೂಕಿ ಚಿತ್ರಗಳ ಕಾಲದಲ್ಲಿ ಊರಿಗೆ ಊರೇ ಮೆಚ್ಚಿದ ನಟಿ. ಮಾತಾಡುವ ಚಿತ್ರ, ಟಾಕಿ, ಬಂದ ಮೇಲೆ ಅವಳನ್ನು ಕೇಳುವವರಿರಲಿಲ್ಲ. ಈಗ ನಿರ್ದೇಶಕನೊಬ್ಬ ಮನಸ್ಸು ಮಾಡಿದ್ದ — ಅವಳ ಹಳೆಯ ಚಿತ್ರವನ್ನು ಇಂದು ಸಂಜೆ ನೋಡಿ, ಒಪ್ಪಿಗೆಯಾದರೆ ತಾಯಿಯ ಪಾತ್ರ. ಉಳಿದಿದ್ದುದು ಇದೊಂದೇ ಪ್ರತಿ.

"ಕಳ್ಳತನ!" ಎಂದ ಮ್ಯಾನೇಜರ್ ಡ್ರಮಂಡ್. "ಬೀಗದ ಕೈ ಇರೋದು ಓಲ್ಸನ್ ಹತ್ರ. ಅವನನ್ನೇ ಕೇಳಿ."

ನನ್ನ ಗೆಳೆಯ, ಪತ್ತೇದಾರ ಹೇನ್ಸ್, ಕಾವಲುಗಾರ ಓಲ್ಸನ್ನನತ್ತ ತಿರುಗಿದ.

"ನಿನ್ನೆ ಯಾರು ಬಂದಿದ್ರಪ್ಪಾ?"

"ನಿನ್ನೆ ನಂಗೆ ರಜ ಸಾರ್. ಬೀಗದ ಕೈ ಆಫೀಸಲ್ಲಿತ್ತು."

"ಹಾಗಾದ್ರೆ ಯಾರೋ ಅಭಿಮಾನಿ ಎಗರಿಸಿದಾನೆ," ಎಂದ ಡ್ರಮಂಡ್.

ವರ್ನಾ ನಕ್ಕಳು. "ನಂಗೆ ಅಭಿಮಾನಿಗಳಾ? ಈಗ್ಲೂ? ಚೆನ್ನಾಗಿ ತಮಾಷೆ ಮಾಡ್ತೀರಿ."

ಹೇನ್ಸ್ ಬೋರಲು ಹಾಕಿದ್ದ ಡಬ್ಬಿಯೊಂದನ್ನು ಎತ್ತಿ ಅಂಚು ಸವರಿದ.

"ಒದ್ದೆ ಇದೆ. ಚಿತ್ರದ ಹೆಸರಿನ ಚೀಟಿ ಎಲ್ಲಿ? ಕೆರೆದು ತೆಗೆದಿದಾರೆ."

"ಅದಕ್ಕೇನೀಗ?" ಎಂದ ಡ್ರಮಂಡ್.

"ಕಿಡಿ ತಾಗಿದ್ರೆ ಭಗ್ಗನೆ ಹತ್ಕೊಳ್ಳೋ ಫಿಲಂ. ಕಳ್ಳನಾಗಿದ್ರೆ ಡಬ್ಬಿ ಸಮೇತ ಹೊತ್ಕೊಂಡು ಹೋಗ್ತಿದ್ದ. ಡಬ್ಬಿ ತೊಳೆದು, ಒಣಗೋಕೆ ಹಾಕಿ ಹೋಗ್ತಾನೇನ್ರೀ? ಹೊಸ ಟಾಕಿ ತುಂಬೋಕೆ ಡಬ್ಬಿ ಬೇಕಾದೋರ ಕೆಲಸ ಇದು. ಹಳೇ ಫಿಲಂ ಸುಟ್ಟು ಅದರೊಳಗಿನ ಬೆಳ್ಳಿ ತೆಗೆಯೋರಿಗೆ ಕಳಿಸಿದೀರಿ. ನಿನ್ನೆ ಬೀಗದ ಕೈ ಇದ್ದಿದ್ದು ನಿಮ್ಮ ಆಫೀಸಲ್ಲೇ. ನೀವೇ, ಡ್ರಮಂಡ್!"

ಡ್ರಮಂಡ್ ಹಣೆ ಒರೆಸಿಕೊಂಡ. "ಸ್ಟುಡಿಯೋ ಸ್ವತ್ತು ರೀ ಅದು! ಮೂಕಿ ಎಲ್ಲಾ ಹಾಗೇ ಕಳಿಸ್ತೀವಿ. ಇವರಿಗೆ ಕೊಡ್ತೀನಿ ಅಂದಿದ್ದು... ಮರೆತೇ ಹೋಯ್ತು. ಹೇಳೋಕೆ ಮುಖ ಇರಲಿಲ್ಲ."

ತನ್ನ ಮರೆವಿಗೆ ಪಾಪದ ಓಲ್ಸನ್ನನನ್ನು ಜೈಲಿಗೆ ಕಳಿಸಲು ಹೊರಟಿದ್ದನಲ್ಲ!

"ಇವನನ್ನ ಪೊಲೀಸರಿಗೆ ಹಿಡಿದುಕೊಡೋಣ," ಎಂದೆ.

"ಯಾವ ಕಾನೂನಲ್ಲಿ?" ಎಂದ ಹೇನ್ಸ್. "ಅವರ ಸ್ವತ್ತು, ಅವರೇ ಸುಡಿಸಿದ್ರು."

ವರ್ನಾ ಮೆಲ್ಲಗೆ ಕೇಳಿದಳು: "ಆ ಬೆಳ್ಳಿ ಏನ್ಮಾಡ್ತಾರೆ?"

"ಹೊಸ ಫಿಲಂ ತಯಾರು ಮಾಡೋರು ಕೊಂಡ್ಕೋತಾರಮ್ಮಾ," ಎಂದ ಹೇನ್ಸ್.

"ಹಾಗಾದ್ರೆ ನಾನೂ ಟಾಕಿಗೆ ಬಂದೆ ಅನ್ನಿ," ಎಂದಳು. "ಯಾವಳೋ ಹುಡುಗಿಯ ಮುಖವಾಗಿ."

ಅವಳು ಕೈಯಲ್ಲಿದ್ದ ಡಬ್ಬಿಯನ್ನು ಉಳಿದವುಗಳ ಸಾಲಿನಲ್ಲಿ ಬೋರಲು ಹಾಕಿದಳು.

"ಆ ನಿರ್ದೇಶಕರಿಗೆ ಫೋನ್ ಮಾಡಿ, ಡ್ರಮಂಡ್. ಸಂಜೆ ಬರೋದು ಬೇಡ ಅಂತ ಹೇಳಿ. ಇದನ್ನಾದ್ರೂ ಮರೀಬೇಡಿ."